ಹೊಸ ಒಡಂಬಡಿಕೆ ಮತ್ತು ಮೋಶೆಯ ಧರ್ಮಶಾಸ್ತ್ರ: ಆದಿ ಕ್ರೈಸ್ತ ಬೋಧನೆಯಲ್ಲಿ ಒಂದು ವ್ಯಾಖ್ಯಾನದ ಇತಿಹಾಸ

ಕ್ರೈಸ್ತ ಧರ್ಮಗ್ರಂಥದ ಎರಡು ಭಾಗಗಳನ್ನು ಕನ್ನಡದಲ್ಲಿ 'ಹಳೆಯ ಒಡಂಬಡಿಕೆ', 'ಹೊಸ ಒಡಂಬಡಿಕೆ' ಎಂದು ಕರೆಯುವುದು ರೂಢಿ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಕೈಗೊಂಡ ಕನ್ನಡ ಬೈಬಲ್ ಅನುವಾದವು ಮುಂದೆ ಅನೇಕ ಪರಿಷ್ಕರಣಗಳನ್ನು ಕಂಡಿತು. ಇಂದಿನ ಓದುಗನಿಗೆ ಈ ಎರಡು ಹೆಸರುಗಳು ಪ್ರಶ್ನಾತೀತವೆಂಬಷ್ಟು ಪರಿಚಿತವಾಗಿವೆ. ಆದರೆ 'ಹಳೆಯ', 'ಹೊಸ' ಎಂಬ ವಿಶೇಷಣಗಳು ಗ್ರಂಥವನ್ನು ತೆರೆಯುವ ಮೊದಲೇ ಒಂದು ತೀರ್ಪನ್ನು ಕೊಟ್ಟುಬಿಡುತ್ತವೆ. ಯೆಹೂದ್ಯರ ಕರಾರು ಮುಗಿಯಿತು, ಅದರ ಸ್ಥಾನದಲ್ಲಿ ಬೇರೊಂದು ಬಂದಿತು ಎಂಬುದೇ ಆ ತೀರ್ಪು. ಮೊದಲ ತಲೆಮಾರಿನ ಕ್ರೈಸ್ತ ಬರಹಗಳಲ್ಲಿ ಈ ಅರ್ಥ ಸಿದ್ಧರೂಪದಲ್ಲಿ ಇರಲಿಲ್ಲವೆಂಬುದನ್ನೂ, ಅದು ಸುಮಾರು ನೂರು ವರ್ಷಗಳ ವ್ಯಾಖ್ಯಾನದಿಂದ ರೂಪುಗೊಂಡಿತೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಯೆಹೂದ್ಯ ಪರಂಪರೆಯಲ್ಲಿ 'ಬೆರೀತ್' ಅಥವಾ ಒಡಂಬಡಿಕೆ ಮತ್ತು 'ತೋರಾ' ಬೇರ್ಪಡಿಸಲಾಗದ ಪರಿಕಲ್ಪನೆಗಳು. ಇವುಗಳ ಅನುಕ್ರಮ ಮುಖ್ಯವಾದುದು. ವಿಮೋಚನಕಾಂಡದಲ್ಲಿ ಐಗುಪ್ತದ ಬಿಡುಗಡೆ ಮೊದಲು, ಸೀನಾಯಿ ಬೆಟ್ಟದ ಆಜ್ಞೆಗಳು ಅನಂತರ. ದಶಾಜ್ಞೆಗಳ ಪೀಠಿಕೆಯೇ ದಾಸ್ಯದಿಂದ ಬಿಡಿಸಿದ ದೇವರ ಆತ್ಮಪರಿಚಯವಾಗಿದೆ. ಅಂದರೆ ಆಜ್ಞಾಪಾಲನೆಯು ದೇವರ ಕೃಪೆಯನ್ನು ಸಂಪಾದಿಸುವ ಸಾಧನವಲ್ಲ. ಈಗಾಗಲೇ ದೊರೆತ ಕೃಪೆಗೆ ಸಲ್ಲುವ ಪ್ರತಿಸ್ಪಂದನ. ಇ. ಪಿ. ಸ್ಯಾಂಡರ್ಸ್ ಅವರು ೧೯೭೭ರಲ್ಲಿ ಪ್ರಕಟಿಸಿದ, ಪೌಲ ಮತ್ತು ಪ್ಯಾಲೆಸ್ಟೈನಿನ ಯೆಹೂದ್ಯ ಧರ್ಮವನ್ನು ಕುರಿತ ಗ್ರಂಥದಲ್ಲಿ ಇದನ್ನೇ ವಿಸ್ತಾರವಾದ ಆಧಾರಗಳೊಂದಿಗೆ ಪ್ರತಿಪಾದಿಸಿದರು. ಒಡಂಬಡಿಕೆಯೊಳಗೆ ಪ್ರವೇಶ ಕೃಪೆಯಿಂದ, ಅದರೊಳಗೆ ಉಳಿಯುವುದು ವಿಧಿಪಾಲನೆಯಿಂದ ಎಂಬ ಅವರ ಸೂತ್ರವು ಯೆಹೂದ್ಯ ಧರ್ಮವನ್ನು ಶುಷ್ಕ ಕರ್ಮಠತೆಯೆಂದು ಬಣ್ಣಿಸುತ್ತಿದ್ದ ಹಳೆಯ ವಿದ್ವತ್ತನ್ನು ಬುಡಸಹಿತ ಅಲುಗಿಸಿತು.

'ಹೊಸ ಒಡಂಬಡಿಕೆ' ಎಂಬ ಮಾತು ಸಹ ಯೆಹೂದ್ಯ ಮೂಲದ್ದೇ. ಪ್ರವಾದಿ ಯೆರೆಮೀಯನ ಗ್ರಂಥದ ೩೧ನೆಯ ಅಧ್ಯಾಯದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಅಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಆ ಒಡಂಬಡಿಕೆಯು ಇಸ್ರಾಯೇಲ್ ಮತ್ತು ಯೆಹೂದ ವಂಶಗಳೊಂದಿಗೆ ಆಗುವಂಥದು. ಅದರಲ್ಲಿ ತೋರಾ ರದ್ದಾಗುವುದಿಲ್ಲ, ಕಲ್ಲಿನ ಹಲಗೆಯಿಂದ ಜನರ ಹೃದಯಕ್ಕೆ ಸ್ಥಳಾಂತರಗೊಳ್ಳುತ್ತದೆ. ಹಳೆಯ ಒಡಂಬಡಿಕೆಯ ದೋಷವು ಜನರು ಅದನ್ನು ಮುರಿದದ್ದರಲ್ಲಿದೆಯೇ ಹೊರತು ಆಜ್ಞೆಗಳಲ್ಲಿಲ್ಲ. ಕೈರೋ ನಗರದ ಪ್ರಾಚೀನ ಸಿನಗಾಗಿನ ಹಸ್ತಪ್ರತಿರಾಶಿಯಲ್ಲಿ ದೊರೆತು ೧೯೧೦ರಲ್ಲಿ ಪ್ರಕಟವಾದ, ಮುಂದೆ ಕುಮ್ರಾನ್ ಗುಹೆಗಳಲ್ಲಿಯೂ ತುಣುಕುಗಳಾಗಿ ಸಿಕ್ಕ 'ದಮಸ್ಕದ ದಾಖಲೆ'ಯು ತನ್ನ ಪಂಗಡವನ್ನು ಹೊಸ ಒಡಂಬಡಿಕೆಗೆ ಸೇರಿದವರೆಂದು ಗುರುತಿಸಿಕೊಳ್ಳುತ್ತದೆ. ಆ ಪಂಗಡದ ಹೊಸತನವಿದ್ದುದು ತೋರಾದ ಇನ್ನಷ್ಟು ಕಟ್ಟುನಿಟ್ಟಾದ ಆಚರಣೆಯಲ್ಲಿ. ಹೀಗಾಗಿ ಯೇಸುವಿನ ಕಾಲದ ಯೆಹೂದ್ಯ ಸಮಾಜದಲ್ಲಿ 'ಹೊಸ' ಎಂಬುದು ನವೀಕರಣವನ್ನು ಸೂಚಿಸಬಲ್ಲ ಪದವಾಗಿತ್ತು.

೨

ಈ ಪರಿಕಲ್ಪನೆಗಳು ಗ್ರೀಕ್ ಭಾಷೆಗೆ ದಾಟಿದಾಗ ಅವುಗಳ ಅರ್ಥವಲಯ ಬದಲಾಯಿತು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಮೊದಲಾದ 'ಸೆಪ್ಟುವಜಿಂಟ್' ಅನುವಾದವು ತೋರಾ ಎಂಬುದಕ್ಕೆ 'ನೊಮೊಸ್' ಎಂಬ ಪದವನ್ನು ಬಳಸಿತು. ಬೋಧನೆ, ಮಾರ್ಗದರ್ಶನ ಎಂಬ ತೋರಾದ ವಿಶಾಲ ಅರ್ಥವು ಕಾನೂನು ಎಂಬ ಅರ್ಥದ ಕಡೆಗೆ ವಾಲಿತು. ಬೆರೀತ್ ಎಂಬುದಕ್ಕೆ ಪರಸ್ಪರ ಒಪ್ಪಂದವನ್ನು ಸೂಚಿಸುವ 'ಸುಂಥೇಕೆ' ಎಂಬ ಪದ ಲಭ್ಯವಿದ್ದರೂ ಅನುವಾದಕರು ಸಾಮಾನ್ಯವಾಗಿ ಆಯ್ದುಕೊಂಡದ್ದು 'ದಿಯಾಥೇಕೆ' ಎಂಬುದನ್ನು. ಅಂದಿನ ವ್ಯವಹಾರದಲ್ಲಿ ಇದು ಮರಣಶಾಸನ, ಅಂದರೆ ಉಯಿಲು. ದೇವರು ಏಕಪಕ್ಷೀಯವಾಗಿ ವಿಧಿಸಿದ ವ್ಯವಸ್ಥೆ ಎಂಬ ಛಾಯೆ ಇದರಿಂದ ಒದಗಿತು.

ಈ ಅರ್ಥದ್ವಂದ್ವವನ್ನು ಪೌಲನೂ ಇಬ್ರಿಯರಿಗೆ ಬರೆದ ಪತ್ರಿಕೆಯ ಅಜ್ಞಾತ ಕರ್ತೃವೂ ತಂತಮ್ಮ ವಾದಗಳಿಗೆ ಬಳಸಿಕೊಂಡಿದ್ದಾರೆ. ಗಲಾತ್ಯ ಪತ್ರಿಕೆಯ ಮೂರನೆಯ ಅಧ್ಯಾಯದ ತರ್ಕವು ಉಯಿಲಿನ ದೃಷ್ಟಾಂತದ ಮೇಲೆ ನಿಂತಿದೆ. ಸ್ಥಿರಪಡಿಸಿದ ಶಾಸನಕ್ಕೆ ಯಾರೂ ಹೊಸ ಷರತ್ತು ಸೇರಿಸಲಾರರು. ಆದುದರಿಂದ ೪೩೦ ವರ್ಷಗಳ ಅನಂತರ ಬಂದ ಮೋಶೆಯ ಧರ್ಮಶಾಸ್ತ್ರವು ಅಬ್ರಹಾಮನಿಗೆ ಕೊಟ್ಟ ವಾಗ್ದಾನವನ್ನು ನಿರರ್ಥಕಗೊಳಿಸದು ಎಂದು ಪೌಲ ವಾದಿಸುತ್ತಾನೆ. ಕನ್ನಡದ 'ಒಡಂಬಡಿಕೆ'ಯು ಒಡಂಬಡು, ಅಂದರೆ ಸಮ್ಮತಿಸು ಎಂಬ ಕ್ರಿಯೆಯಿಂದ ಬಂದುದು. ಅದು ಹೀಬ್ರೂ ಮೂಲಕ್ಕೆ ಒಂದು ಬಗೆಯಲ್ಲಿ ಹತ್ತಿರವಾದರೂ ಉಯಿಲಿನ ಅರ್ಥವನ್ನು ಹೊರಲಾರದು. ಆದ್ದರಿಂದಲೇ ಗಲಾತ್ಯ ಪತ್ರಿಕೆಯ ಈ ತರ್ಕ ಕನ್ನಡ ಓದುಗನಿಗೆ ಸಡಿಲವಾಗಿ ತೋರುತ್ತದೆ.

೩

ಪೌಲನನ್ನು ಧರ್ಮಶಾಸ್ತ್ರದ ವೈರಿಯೆಂದು ಓದುವ ದೀರ್ಘ ಪರಂಪರೆಯೊಂದಿದೆ. ಆದರೆ ಅವನ ಪತ್ರಿಕೆಗಳು ನಿರ್ದಿಷ್ಟ ಸಂದರ್ಭಗಳಲ್ಲಿ ಹುಟ್ಟಿದವು. ಗಲಾತ್ಯದಲ್ಲಿ ಅವನು ಉದ್ದೇಶಿಸಿದ್ದು ಅನ್ಯಜನಾಂಗಗಳಿಂದ ಬಂದ ವಿಶ್ವಾಸಿಗಳನ್ನು. ಅವರು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕೇ ಎಂಬುದು ಅಲ್ಲಿನ ಪ್ರಶ್ನೆ. ಅಂತಿಯೋಕ್ಯದಲ್ಲಿ ಪೇತ್ರನೊಂದಿಗೆ ನಡೆದ ಜಗಳದ ಮೂಲವೂ ಸಹಪಂಕ್ತಿ ಭೋಜನವೇ. 'ಧರ್ಮಶಾಸ್ತ್ರದ ಕ್ರಿಯೆಗಳು' ಎಂದು ಪೌಲನು ಹೇಳುವಾಗ ಸುನ್ನತಿ, ಆಹಾರನಿಯಮ, ಸಬ್ಬತ್ತುಗಳಂಥ ಸಮುದಾಯದ ಗಡಿಗುರುತುಗಳು ಮುಖ್ಯವಾಗಿ ಅವನ ಮನಸ್ಸಿನಲ್ಲಿದ್ದವೆಂದು ಜೇಮ್ಸ್ ಡನ್ ವಾದಿಸಿದ್ದಾರೆ. ಇದಕ್ಕೆ ಸಮಾನವಾದ ಹೀಬ್ರೂ ಪದಪುಂಜವು ೧೯೯೪ರಲ್ಲಿ ಅಧಿಕೃತವಾಗಿ ಪ್ರಕಟವಾದ ಕುಮ್ರಾನಿನ ಪತ್ರವೊಂದರಲ್ಲಿ ಕಾಣಸಿಕ್ಕಿರುವುದು, ಈ ಚರ್ಚೆ ಯೆಹೂದ್ಯ ಅಂಗಳದೊಳಗಿನದೆಂಬ ನಿಲುವಿಗೆ ಬಲ ಕೊಟ್ಟಿದೆ. ಆದರೂ ಡನ್ ಅವರ ವಾದವನ್ನು ಪೂರ್ಣವಾಗಿ ಒಪ್ಪಲು ತೊಡಕುಗಳಿವೆ. ಶಾಸ್ತ್ರದಲ್ಲಿ ಬರೆದುದೆಲ್ಲವನ್ನೂ ಕೈಕೊಳ್ಳದವನ ಮೇಲಿರುವ ಶಾಪವನ್ನು ಪೌಲ ಪ್ರಸ್ತಾಪಿಸುವಾಗ ಅವನ ದೃಷ್ಟಿ ಗಡಿಗುರುತುಗಳಾಚೆಗೂ ಚಾಚುತ್ತದೆ.

ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಈ ಸಂಕೀರ್ಣತೆ ಇನ್ನೂ ಸ್ಪಷ್ಟ. ಅಲ್ಲಿ ಧರ್ಮಶಾಸ್ತ್ರವು ಪರಿಶುದ್ಧವೆನಿಸಿಕೊಳ್ಳುತ್ತದೆ. ೧೧ನೆಯ ಅಧ್ಯಾಯದಲ್ಲಿ ಅನ್ಯಜನರು ಇಸ್ರಾಯೇಲೆಂಬ ಎಣ್ಣೇಮರಕ್ಕೆ ಕಸಿಮಾಡಿದ ಕಾಡುಕೊಂಬೆಗಳಾಗುತ್ತಾರೆ. ದೇವರ ಕರೆ ಹಿಂತೆಗೆಯಲಾಗದ್ದೆಂಬ ಘೋಷಣೆ ಬರುತ್ತದೆ. ಹತ್ತನೆಯ ಅಧ್ಯಾಯದಲ್ಲಿ ಕ್ರಿಸ್ತನನ್ನು ಧರ್ಮಶಾಸ್ತ್ರದ 'ತೆಲೊಸ್' ಎನ್ನಲಾಗಿದೆ. ಗ್ರೀಕಿನಲ್ಲಿ ಇದಕ್ಕೆ ಕೊನೆಯೆಂಬ ಅರ್ಥವೂ ಗುರಿಯೆಂಬ ಅರ್ಥವೂ ಇದೆ. 'ಅಂತ್ಯ' ಎಂದರೆ ರದ್ದತಿಯ ದೇವತಾಶಾಸ್ತ್ರ, 'ಗುರಿ' ಎಂದರೆ ಪರಿಪೂರ್ಣತೆಯ ದೇವತಾಶಾಸ್ತ್ರ. ಎರಡೂ ಅರ್ಥಗಳನ್ನು ಒಟ್ಟಿಗೆ ಹಿಡಿದಿಡಬಲ್ಲ 'ಪರ್ಯವಸಾನ' ಎಂಬ ಪದ ನಮ್ಮ ಶಾಸ್ತ್ರಪರಿಭಾಷೆಯಲ್ಲಿದೆಯೆಂಬುದು ಪರಿಶೀಲನೆಗೆ ಅರ್ಹ.

ಪೌಲನೊಬ್ಬನೇ ಆದಿ ಕ್ರೈಸ್ತ ಧ್ವನಿಯೂ ಅಲ್ಲ. ಮತ್ತಾಯನ ಸುವಾರ್ತೆಯ ಯೇಸು ಧರ್ಮಶಾಸ್ತ್ರವನ್ನು ತೊಡೆದುಹಾಕಲು ತಾನು ಬಂದಿಲ್ಲವೆಂದು ಸ್ಪಷ್ಟಪಡಿಸಿ, ಕೊಲೆಯ ನಿಷೇಧವನ್ನು ಕೋಪದವರೆಗೂ ವಿಸ್ತರಿಸುತ್ತಾನೆ. ಯಾಕೋಬನ ಪತ್ರಿಕೆ ಕ್ರಿಯೆಗಳಿಲ್ಲದ ನಂಬಿಕೆಯನ್ನು ಸತ್ತದ್ದೆನ್ನುತ್ತದೆ. ಅಪೊಸ್ತಲರ ಕೃತ್ಯಗಳ ೧೫ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಯು ಅನ್ಯಜನರ ಮೇಲೆ ಸುನ್ನತಿಯನ್ನು ಹೇರದೆ, ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ, ಹಾದರ ಇವುಗಳ ವರ್ಜನೆಯನ್ನಷ್ಟೇ ವಿಧಿಸಿತು. ಇಸ್ರಾಯೇಲರ ನಡುವೆ ವಾಸಿಸುವ ಪರದೇಶಿಗಳಿಗೆ ಯಾಜಕಕಾಂಡ ವಿಧಿಸುವ ನಿಯಮಗಳಿಗೂ ಇವುಗಳಿಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ವಿನಾಯಿತಿಯ ನಿರ್ಣಯವೂ ತೋರಾದ ಚೌಕಟ್ಟಿನೊಳಗೇ ಆಯಿತೆನ್ನಬಹುದು.

೪

ಕ್ರಿ.ಶ. ೭೦ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ನಾಶಮಾಡಿದರು. ೧೩೨-೧೩೫ರ ಬಾರ್ ಕೊಖ್ಬಾ ದಂಗೆಯೂ ಸೋಲಿನಲ್ಲಿ ಕೊನೆಗೊಂಡಿತು. ಈ ನಡುವೆ ಕ್ರೈಸ್ತ ಸಭೆಗಳಲ್ಲಿ ಅನ್ಯಜನರ ಸಂಖ್ಯೆ ಹೆಚ್ಚಿತು. ಯೆಹೂದ್ಯರ ಒಳಜಗಳವಾಗಿದ್ದುದು ಹೊರಗಿನವರ ಕೈಗೆ ಬಂದಾಗ ಅದೇ ಮಾತುಗಳು ಬೇರೆ ಅರ್ಥ ಪಡೆದವು. ಇಬ್ರಿಯ ಪತ್ರಿಕೆ ಯೆರೆಮೀಯನ ವಾಕ್ಯಗಳನ್ನು ದೀರ್ಘವಾಗಿ ಉದ್ಧರಿಸಿ, ಮೊದಲನೆಯ ಒಡಂಬಡಿಕೆ ಹಳತಾಗಿ ಅಳಿವಿನಂಚಿನಲ್ಲಿದೆಯೆಂಬ ನಿರ್ಣಯಕ್ಕೆ ಬರುತ್ತದೆ. ಆದರೆ ಅದರ ಕಾಳಜಿ ಮುಖ್ಯವಾಗಿ ಯಾಜಕತ್ವ ಮತ್ತು ಬಲಿಗೆ ಸಂಬಂಧಿಸಿದುದು. ಬಾರ್ನಬನ ಹೆಸರಿನ ಪತ್ರಿಕೆ ಇನ್ನೂ ಮುಂದೆ ಹೋಗಿ, ಚಿನ್ನದ ಕರುವಿನ ಪ್ರಸಂಗದಲ್ಲಿಯೇ ಇಸ್ರಾಯೇಲು ಒಡಂಬಡಿಕೆಯನ್ನು ಕಳೆದುಕೊಂಡಿತೆನ್ನುತ್ತದೆ. ಜಸ್ಟಿನನು ೧೬೦ರ ಸುಮಾರಿಗೆ ಬರೆದ, ಟ್ರೈಫೋ ಎಂಬ ಯೆಹೂದ್ಯನೊಂದಿಗಿನ ಸಂವಾದದಲ್ಲಿ ವಿಧಿಗಳು ಜನರ ಹೃದಯಕಾಠಿಣ್ಯದ ಕಾರಣ ಕೊಡಲ್ಪಟ್ಟವು ಎಂಬ ವಾದ ಬರುತ್ತದೆ. ಆದರೂ ಕ್ರಿಸ್ತನನ್ನು ನಂಬಿ ಧರ್ಮಶಾಸ್ತ್ರವನ್ನೂ ಪಾಲಿಸುವವರು, ಇತರರನ್ನು ಬಲವಂತಪಡಿಸದಿದ್ದರೆ, ರಕ್ಷಣೆ ಹೊಂದುವರೆಂದು ಜಸ್ಟಿನ್ ಒಪ್ಪುತ್ತಾನೆ. ಇದಕ್ಕೆ ಒಪ್ಪದ ಕ್ರೈಸ್ತರಿದ್ದಾರೆಂದೂ ಹೇಳುತ್ತಾನೆ. ಎರಡನೆಯ ಶತಮಾನದ ನಡುವೆಯೂ ಪ್ರಶ್ನೆ ಇತ್ಯರ್ಥವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ರದ್ದತಿಯ ತರ್ಕವನ್ನು ಅದರ ತುದಿಗೆ ಒಯ್ದವನು ಮಾರ್ಸಿಯನ್. ೧೪೪ರ ಸುಮಾರಿಗೆ ರೋಮಿನ ಸಭೆಯಿಂದ ಹೊರಬಿದ್ದ ಅವನು ಹೀಬ್ರೂ ಗ್ರಂಥಗಳನ್ನೂ ಅವುಗಳ ದೇವರನ್ನೂ ತಿರಸ್ಕರಿಸಿ, ತಾನು ಪರಿಷ್ಕರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಿಕೆಗಳನ್ನೂ ಮಾತ್ರ ಉಳಿಸಿಕೊಂಡನು. ಸಭೆ ಅವನನ್ನು ನಿರಾಕರಿಸಿತು. ಐರೇನಿಯಸ್ ಒಬ್ಬನೇ ದೇವರು, ಹಂತಹಂತವಾದ ಒಡಂಬಡಿಕೆಗಳು ಎಂಬ ಉತ್ತರ ಕೊಟ್ಟನು. ಆದರೆ ಹೀಬ್ರೂ ಗ್ರಂಥಗಳನ್ನು ಉಳಿಸಿಕೊಂಡ ಸಭೆಯು ಅವುಗಳ ವಾರಸುದಾರಿಕೆಯನ್ನು ತನ್ನದಾಗಿಸಿಕೊಂಡು, ಯೆಹೂದ್ಯರನ್ನು ಆಸ್ತಿ ಕಳೆದುಕೊಂಡ ಮಕ್ಕಳಂತೆ ಚಿತ್ರಿಸತೊಡಗಿತು. ಮಾರ್ಸಿಯನ್ ಯೆಹೂದ್ಯರಿಗೆ ಅವರ ಗ್ರಂಥವನ್ನು ಅವರದೇ ಆಗಿ ಬಿಟ್ಟಿದ್ದನು. ಅವನ ವಿರೋಧಿಗಳು ಅದನ್ನೂ ಬಿಡಲಿಲ್ಲ. ಈ ವ್ಯಂಗ್ಯವನ್ನು ಸಭೆಯ ಇತಿಹಾಸಕಾರರು ಸಾಕಷ್ಟು ಎದುರಿಸಿಲ್ಲ.

ಬೋಧಕರ ನಿರ್ಣಯ ಜನಸಾಮಾನ್ಯರನ್ನು ಒಮ್ಮೆಗೇ ಮುಟ್ಟಲಿಲ್ಲ. ೩೮೬-೩೮೭ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸಾಸ್ತಮ್ ಮಾಡಿದ ಎಂಟು ಉಗ್ರ ಉಪನ್ಯಾಸಗಳು ಯೆಹೂದ್ಯರ ಹಬ್ಬ ಉಪವಾಸಗಳಲ್ಲಿ ಪಾಲ್ಗೊಳ್ಳುತ್ತಿದ್ದ ಕ್ರೈಸ್ತರ ವಿರುದ್ಧವೇ ಇವೆ. ಬೇಲಿ ಇನ್ನೂ ಗಟ್ಟಿಯಾಗಿರಲಿಲ್ಲವೆಂದೇ ಅಷ್ಟು ಜೋರಾಗಿ ಬೇಲಿಯನ್ನು ಸಾರಬೇಕಾಯಿತು.

೫

ಇದು ಪ್ರಾಚೀನ ಪಾಂಡಿತ್ಯದ ವಿಷಯ ಮಾತ್ರವಲ್ಲ. ಪ್ರೊಟೆಸ್ಟೆಂಟ್ ಸಭೆಯು ಹಳೆಯ ಒಡಂಬಡಿಕೆಯನ್ನು ಇನ್ನೂ ಪ್ರಮಾಣಗ್ರಂಥವಾಗಿ ಉಳಿಸಿಕೊಂಡಿರುವುದು ದೌರ್ಬಲ್ಯವೆಂದು ಅಡಾಲ್ಫ್ ಫಾನ್ ಹಾರ್ನಾಕ್ ೧೯೨೧ರಲ್ಲಿ ಮಾರ್ಸಿಯನ್ ಕುರಿತ ಗ್ರಂಥದಲ್ಲಿ ಬರೆದರು. ೧೯೩೦ರಲ್ಲಿ ನಿಧನರಾದ ಅವರ ಮೇಲೆ ಮುಂದಿನದರ ಹೊಣೆ ಹೊರಿಸುವುದು ನ್ಯಾಯವಲ್ಲ. ಆದರೆ ೧೯೩೯ರಲ್ಲಿ ಜರ್ಮನಿಯ ಐಸೆನಾಕ್‌ನಲ್ಲಿ ಕ್ರೈಸ್ತ ಜೀವನದಿಂದ ಯೆಹೂದ್ಯ ಪ್ರಭಾವವನ್ನು ನಿರ್ಮೂಲಗೊಳಿಸಲು ಸಂಸ್ಥೆಯೊಂದು ಸ್ಥಾಪನೆಯಾದಾಗ ವ್ಯಾಖ್ಯಾನವೊಂದು ಎಲ್ಲಿಯವರೆಗೆ ಹೋಗಬಲ್ಲದೆಂಬುದು ತಿಳಿಯಿತು. ೧೯೬೫ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಯೆಹೂದ್ಯರೊಡನೆ ಸಂಬಂಧವನ್ನು ಪುನರ್ವಿಮರ್ಶಿಸಿದಾಗ ಆಧಾರವಾಗಿ ಹಿಡಿದದ್ದು ಪೌಲನ ಅದೇ ಎಣ್ಣೇಮರದ ಅಧ್ಯಾಯವನ್ನು.

ಕನ್ನಡ ವಿಮರ್ಶೆಗೆ ಇಲ್ಲೊಂದು ಎಚ್ಚರಿಕೆಯಿದೆ. ತೋರಾ ಎಂಬುದಕ್ಕೆ ನಮ್ಮಲ್ಲಿ ರೂಢವಾದ 'ಧರ್ಮಶಾಸ್ತ್ರ' ಎಂಬ ಪದ ಸ್ಮೃತಿಗ್ರಂಥಗಳ ನೆನಪನ್ನು ತರುತ್ತದೆ. ಆಗ ಪೌಲನ ವಾದವನ್ನು ಕರ್ಮಠತೆಯ ವಿರುದ್ಧ ಭಕ್ತಿಯ ಬಂಡಾಯವೆಂದು ಓದುವುದು ಸುಲಭವಾಗುತ್ತದೆ. ಈ ಹೋಲಿಕೆ ಆಕರ್ಷಕವಾದರೂ, ಬಿಡುಗಡೆಯ ಸ್ಮರಣೆಯಾಗಿ ತೋರಾವನ್ನು ಕಂಡ ಜನಾಂಗಕ್ಕೆ ಅನ್ಯಾಯ ಮಾಡುತ್ತದೆ. ವಾರಸುದಾರರು ಯಾರೆಂಬ ಪ್ರಶ್ನೆಯನ್ನು ಆಸ್ತಿಯ ದೋಷವೆಂದು ತಿಳಿಯುವುದು ಆದಿ ಕ್ರೈಸ್ತ ಗ್ರಂಥಗಳ ತಪ್ಪು ಓದು. 'ಹೊಸ' ಎಂಬ ವಿಶೇಷಣವನ್ನು ಯೆರೆಮೀಯನ ಬಾಯಿಂದ ಮೊದಲು ಕೇಳಿ, ಆಮೇಲೆ ಜಸ್ಟಿನನ ಬಾಯಿಂದ ಕೇಳಿದರೆ ನಡುವೆ ಏನು ನಡೆಯಿತೆಂಬುದು ತಿಳಿಯುತ್ತದೆ. ಆ ಅಂತರವನ್ನು ಅಳೆಯುವುದೇ ಈ ಕ್ಷೇತ್ರದಲ್ಲಿ ಕನ್ನಡ ಸಂಶೋಧನೆಯ ಮೊದಲ ಕೆಲಸವಾಗಬೇಕು.