ಸುಟ್ಟ ಮಣ್ಣಿನ ಮುಖಗಳು

ನಾಗಮಂಗಲದ ಎರಕದ ಕೆಲಸದಲ್ಲಿ ಮಣ್ಣಿಗೆ ಬಾಳು ಕಡಮೆ. ಮೇಣದ ವಿಗ್ರಹಕ್ಕೆ ಮಣ್ಣು ಮೆತ್ತುತ್ತಾರೆ. ಮೇಣ ಕರಗಿ ಲೋಹ ತುಂಬಿದ ಮೇಲೆ ಅದನ್ನು ಒಡೆದು ಎಸೆಯುತ್ತಾರೆ.

1933ರಲ್ಲಿ ಲೋಥಾಲ್‌ನಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಹಿಮ್ಮತ್ ಶಾ ಆ ಮಣ್ಣನ್ನೇ ಉಳಿಸಿಕೊಂಡರು. ಅವರು ಸುಟ್ಟ ಮಣ್ಣಿನಲ್ಲಿ ಮಾಡಿದ ತಲೆಗಳಿಗೆ ಕಣ್ಣು ಕಿವಿ ಸರಿಯಾಗಿ ಮೂಡಿಲ್ಲ. ಗೀರು, ತೂತು, ಉಬ್ಬು, ಅಷ್ಟೆ. ನಮ್ಮ ಸ್ಥಪತಿಗಳ ತಾಳಮಾನಕ್ಕೆ ಇವು ಒಗ್ಗುವಂಥವಲ್ಲ. ಅರ್ಧಕ್ಕೆ ಬಿಟ್ಟದ್ದೋ ಎಂದು ಕೇಳುವವರಿದ್ದಾರೆ, ಕೇಳಲಿ. ಮುಖಲಕ್ಷಣ ಅಳಿದಷ್ಟೂ ನೋವು ಎದ್ದು ಕಾಣುತ್ತದೆಂಬುದು ನನ್ನ ಅನುಭವ. ಬೆರಳೊತ್ತಿದ ಗುರುತು ಬೆಂಕಿಯಲ್ಲಿ ಹಾಗೆಯೇ ಗಟ್ಟಿಯಾಗಿದೆ.

ಇಂಥ ತಲೆಗಳನ್ನು ಅವರು ಕಂಚಿನಲ್ಲಿಯೂ ಮಾಡಿದರು. ನಾಗಮಂಗಲದ ಅಭಿಮಾನವಿದ್ದರೂ ಅವು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಕಂಚಾದೊಡನೆ, ಒಡೆದೀತೆಂಬ ಅಳುಕು ಹೋಗಿ ಮುಖಕ್ಕೆ ಒಂದು ಗತ್ತು ಬಂದುಬಿಟ್ಟಿದೆ.