ಬಾಗಿಲಿಗೇ ನಿಂತ ಸ್ವಚ್ಛತೆ

2018ರಲ್ಲೇ ಕರ್ನಾಟಕದ ಹಳ್ಳಿಗಳೆಲ್ಲ ಬಯಲು ಬಹಿರ್ದೆಸೆಯಿಂದ ಮುಕ್ತವಾದವೆಂದು ಘೋಷಣೆಯಾಯಿತು. ಬೆಳಕು ಹರಿಯುವ ಮುನ್ನ ಚೆಂಬು ಹಿಡಿದು ಬೇಲಿ ಮರೆ ಹುಡುಕುತ್ತಿದ್ದ ಹೆಂಗಸರಿಗೆ ಇದರಿಂದಾದ ಉಪಕಾರ ದೊಡ್ಡದು. ಶೌಚಾಲಯ ಕಟ್ಟಿಸುವ ಯೋಜನೆಗೆ ಬಂದ ಹೆಸರು ಮಾತ್ರ ಅದರ ಯೋಗ್ಯತೆಗಿಂತ ದೊಡ್ಡದು.

ಸರ್ಕಾರ ಶಿಫಾರಸು ಮಾಡಿದ್ದು ಜೋಡಿ ಗುಂಡಿ. ಪೈಪು ಪುಟ್ಟ ಚೇಂಬರಿನಲ್ಲಿ ಕವಲಾಗುತ್ತದೆ. ಒಂದು ಕವಲಿಗೆ ಇಟ್ಟಿಗೆ ಅಡ್ಡವಿಟ್ಟರೆ ಇನ್ನೊಂದರ ಗುಂಡಿ ತುಂಬುತ್ತದೆ. ಗುಂಡಿಯ ಗೋಡೆಯಲ್ಲಿ ಬಿಟ್ಟ ಕಂಡಿಗಳಿಂದ ನೀರು ಇಂಗುತ್ತದೆ. ತುಂಬಿದಾಗ ಇಟ್ಟಿಗೆ ಬದಲಿಸಿ ಒಂದೆರಡು ವರ್ಷ ಮುಚ್ಚಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಗೊಬ್ಬರ. ಜಾಣ ವಿನ್ಯಾಸ, ಅಗ್ಗವೂ ಹೌದು. ಆದರೆ ಆ ಇಟ್ಟಿಗೆಯನ್ನು ಕಿತ್ತಿಡುವವರು ಯಾರು? ಗೊಬ್ಬರವಾಗಿದೆ ಎಂದು ನಂಬಿ ಸಲಿಕೆ ಹಾಕುವವರು ಯಾರು? 12,000 ರೂಪಾಯಿ ಪ್ರೋತ್ಸಾಹಧನಕ್ಕೆ ಫಲಾನುಭವಿ ಶೌಚಾಲಯದ ಮುಂದೆ ನಿಂತ ಫೋಟೊ ಬೇಕು; ಗುಂಡಿ ಆ ಫೋಟೊದಲ್ಲಿ ಕಾಣುವುದಿಲ್ಲ. ಹಾಗಾಗಿ ಸಿಮೆಂಟ್ ರಿಂಗ್ ಇಳಿಸಿ ಆಳದ ಒಂದೇ ಗುಂಡಿ ತೋಡಿಸಿ, 'ನಮ್ ಕಾಲಕ್ಕೆ ತುಂಬಲ್ಲ ಬಿಡಿ' ಎನ್ನುವುದು ಊರಿನ ಲೆಕ್ಕ.

ಡಯಾನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ 2017ರ 'ವೇರ್ ಇಂಡಿಯಾ ಗೋಸ್' ಪುಸ್ತಕದಲ್ಲಿ ಇದರ ಬೇರನ್ನು ಜಾತಿ, ಮಡಿ-ಮೈಲಿಗೆಯಲ್ಲಿ ಕಂಡರು. ಗುಂಡಿ ಬಳಿಯುವುದು ದಲಿತರ ಕೆಲಸವೆಂಬ ಭಾವನೆಯನ್ನು ಅವರು ಹಿಡಿದಿದ್ದು ಸರಿ. ತಕರಾರಿರುವುದು ಆ ಪುಸ್ತಕವನ್ನು ಉಲ್ಲೇಖಿಸುತ್ತ 'ಜನರ ಮನಸ್ಥಿತಿ ಬದಲಾಗಲಿ' ಎಂದು ಕೈತೊಳೆದುಕೊಳ್ಳುವ ನಮ್ಮ ವಿಮರ್ಶಕರ ಬಗ್ಗೆ. ಆ ಅಧ್ಯಯನ ಹೆಚ್ಚಾಗಿ ಉತ್ತರ ಭಾರತದ ಹಳ್ಳಿಗಳದು. ಬೆಂಗಳೂರಿನ ಸುತ್ತ ಗುಂಡಿ ಹೀರುವ ಸಕ್ಕಿಂಗ್ ಲಾರಿಯವರು ತಂದು ಸುರಿದದ್ದನ್ನು ತೋಟಕ್ಕೆ ಹಾಕಿಸಿಕೊಂಡ ರೈತರೂ ಇದ್ದಾರೆ. ಮೈಲಿಗೆಯೇ ಪೂರ್ತಿ ಕಾರಣವಾಗಿದ್ದರೆ ಈ ವ್ಯವಹಾರ ಕುದುರುತ್ತಿರಲಿಲ್ಲ. ಅವರು ಹೇಸುವುದು ಗೊಬ್ಬರಕ್ಕಲ್ಲ, ತಾವೇ ಗುಂಡಿಗಿಳಿಯುವುದಕ್ಕೆ.

ಈ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡದ್ದು ದೇವನಹಳ್ಳಿ. ಒಳಚರಂಡಿಯಿಲ್ಲದಿದ್ದ ಈ ಪಟ್ಟಣದಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ದೇಶದ ಮೊದಲಿನವುಗಳಲ್ಲೊಂದು. ಪುರಸಭೆಗಾಗಿ ಅದನ್ನು ರೂಪಿಸಿದ್ದು ಸಿಡಿಡಿ ಸೊಸೈಟಿ ಎಂಬ ಸಂಸ್ಥೆ. ಲಾರಿ ತಂದದ್ದು ಟ್ಯಾಂಕುಗಳಲ್ಲಿ ಕೊಳೆತು, ಒಣಹಾಸುಗಳಲ್ಲಿ ಆರಿ, ಊರಿನ ಹಸಿಕಸದ ಜೊತೆ ಬೆರೆತು ಗೊಬ್ಬರವಾಗುತ್ತದೆ. ದಿನಕ್ಕೆ 6,000 ಲೀಟರ್ ಸಾಮರ್ಥ್ಯ, ಅಂದರೆ ಒಂದೆರಡು ಲೋಡು ಮಾತ್ರ. ಸುತ್ತಲ ಹಳ್ಳಿಗಳ ಗುಂಡಿಗಳಿಗೆಲ್ಲ ಅದು ಸಾಲದು. ಆದರೂ ಪ್ರಶಸ್ತಿ, ಫಲಕಗಳ ಅಬ್ಬರದಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಮಲ ಹೊರುವ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿದೆ. ಗುಂಡಿ ತುಂಬಿದಾಗ ಲಾರಿ ಯಾವುದು, ದುಡ್ಡು ಯಾರದು, ಸುರಿಯುವುದೆಲ್ಲಿ ಎಂದು ಬರೆದಿಡದ ಪಂಚಾಯಿತಿ ಆ ಕಾಯ್ದೆಯ ಉಲ್ಲಂಘನೆಗೆ ತಾನೇ ದಾರಿ ಮಾಡಿಕೊಡುತ್ತದೆ. ಅಂಥ ಊರಿಗೆ ಮುಕ್ತವೆಂಬ ಬಿರುದು ಸಲ್ಲದು.