ಮೂಲಪಾಠವೂ ಹಿನ್ನುಡಿಯೂ: ಸ್ಟಾರ್‌ಹಾಕ್ ಅವರ ಗ್ರಂಥದಲ್ಲಿ ಸ್ತ್ರೀಪುರುಷ ವಿಚಾರ

'ಮಾಟಗಾತಿ' ಎಂಬ ಶಬ್ದ ಕಿವಿಗೆ ಬಿದ್ದೊಡನೆ ಪರರಿಗೆ ಕೇಡು ಬಗೆಯುವ ಹೆಂಗಸೊಬ್ಬಳ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ಇಂಗ್ಲಿಷಿನ 'ವಿಚ್' ಎಂಬ ಶಬ್ದಕ್ಕೂ ಶತಮಾನಗಳ ಕಾಲ ಇಂಥದೇ ಅರ್ಥವಿದ್ದಿತು. ಆದರೆ ಇಪ್ಪತ್ತನೆಯ ಶತಮಾನದ ಮಧ್ಯಕಾಲದಿಂದ ಈಚೆಗೆ, ಅದೇ ಬೈಗುಳವನ್ನು ಅಭಿಮಾನದ ಹೆಸರಾಗಿ ಧರಿಸಿದ ಧಾರ್ಮಿಕ ಪಂಥಗಳು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬೆಳೆದುಬಂದಿವೆ. ಇವುಗಳಲ್ಲಿ ಪುರುಷರೂ ತಮ್ಮನ್ನು 'ವಿಚ್' ಎಂದೇ ಕರೆದುಕೊಳ್ಳುವುದರಿಂದ ಕನ್ನಡದ '-ಗಾತಿ' ಪ್ರತ್ಯಯ ಇಲ್ಲಿ ಉಪಯೋಗಕ್ಕೆ ಬಾರದು. ಇದು ಬರಿಯ ಭಾಷಾಂತರದ ತೊಡಕಲ್ಲ. ಹೆಣ್ಣೆಂದರೆ ಯಾರು, ಆಕೆಯನ್ನು ನಿರ್ಣಯಿಸುವುದು ದೇಹವೋ ಬಾಳೋ ಎಂಬ ಪ್ರಶ್ನೆ ಈ ಪಂಥಗಳನ್ನೇ ಒಡೆದಿದೆ. ಆ ಒಡಕಿನ ಚರಿತ್ರೆಯನ್ನು ಒಂದೇ ಗ್ರಂಥದ ಮೂರು ಆವೃತ್ತಿಗಳಲ್ಲಿ ಓದಬಹುದಾಗಿದೆ. ಸ್ಟಾರ್‌ಹಾಕ್ ಎಂಬ ದೀಕ್ಷಾನಾಮದಿಂದ ಪ್ರಸಿದ್ಧರಾದ ಅಮೆರಿಕದ ಲೇಖಕಿ ಮಿರಿಯಂ ಸಿಮೋಸ್ ಅವರು 1979ರಲ್ಲಿ ಪ್ರಕಟಿಸಿದ 'ದಿ ಸ್ಪೈರಲ್ ಡಾನ್ಸ್' ಆ ಗ್ರಂಥ.

ಗ್ರಂಥದ ಹಿನ್ನೆಲೆಯನ್ನು ಮೊದಲು ಅರಿಯಬೇಕು. ಬ್ರಿಟನ್ನಿನಲ್ಲಿ 1735ರ ಮಾಟನಿಷೇಧ ಕಾನೂನು 1951ರಲ್ಲಿ ರದ್ದಾಯಿತು. ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತರಾಗಿ ಬಂದಿದ್ದ ಜೆರಾಲ್ಡ್ ಗಾರ್ಡ್ನರ್ 1954ರಲ್ಲಿ 'ವಿಚ್‌ಕ್ರಾಫ್ಟ್ ಟುಡೆ' ಎಂಬ ಪುಸ್ತಕವನ್ನು ಹೊರತಂದು, ಈ ಆಚರಣೆ ಕ್ರೈಸ್ತಪೂರ್ವ ಕಾಲದಿಂದ ಗುಪ್ತವಾಗಿ ಉಳಿದುಬಂದ ಧರ್ಮವೆಂದು ಸಾರಿದರು. ಈ ವಾದಕ್ಕೆ ಆಧಾರವಾಗಿದ್ದುದು 1921ರಲ್ಲಿ ಮಾರ್ಗರೆಟ್ ಮರ್ರೆ ಮಂಡಿಸಿದ ಸಿದ್ಧಾಂತ. ಇತಿಹಾಸಕಾರರು ಅದನ್ನು ಇಂದು ಒಪ್ಪುವುದಿಲ್ಲ. ಗಾರ್ಡ್ನರ್ ಪಂಥದಲ್ಲಿ ದೇವಿ, ದೇವ ಎಂಬ ಜೋಡಿಯೇ ಆರಾಧ್ಯ. ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ದೀಕ್ಷೆ ಕೊಡಬೇಕು. ಕತ್ತಿಯನ್ನು ಬಟ್ಟಲಿನಲ್ಲಿ ಅದ್ದುವ ಕ್ರಿಯೆ ಸ್ತ್ರೀಪುರುಷ ಸಮಾಗಮದ ಸಂಕೇತ. ವೃತ್ತದ ಮುಖ್ಯಸ್ಥಾನ ಪ್ರಧಾನ ಅರ್ಚಕಿಯದು.

ಮೇಲುನೋಟಕ್ಕೆ ಇದು ಹೆಣ್ಣಿಗೆ ಸಂದ ದೊಡ್ಡ ಗೌರವ. ಆದರೆ ಅದರ ಸ್ವರೂಪವೇನೆಂಬುದು 1957ರಲ್ಲಿ ಬಯಲಾಯಿತು. ಪಂಥದ ವಿಧಿಪಾಠಗಳನ್ನು ತಿದ್ದಿ ತೀಡಿ ಅವಕ್ಕೆ ಕಾವ್ಯಗುಣವನ್ನು ತಂದುಕೊಟ್ಟವರು ಡೊರೀನ್ ವ್ಯಾಲಿಯಂಟ್. ಗಾರ್ಡ್ನರರ ಪ್ರಚಾರಪ್ರಿಯತೆಗೆ ಆಕೆ ಮಿತಿ ಹಾಕಬಯಸಿದಾಗ, ಪ್ರಾಚೀನವೆಂದು ಹೇಳಲಾದ ಕೆಲವು 'ಕಟ್ಟಳೆಗಳು' ಇದ್ದಕ್ಕಿದ್ದಂತೆ ಕಾಣಿಸಿಕೊಂಡವು. ಅರ್ಚಕಿಯಾದವಳು ಕಿರಿಯಳೊಬ್ಬಳಿಗಾಗಿ ಸಂತೋಷದಿಂದ ಪೀಠ ಬಿಟ್ಟುಕೊಡತಕ್ಕದ್ದೆಂಬುದು ಅವುಗಳಲ್ಲೊಂದು. ಆಗ ವ್ಯಾಲಿಯಂಟರಿಗೆ ಮೂವತ್ತೈದು ವರ್ಷ! ಅವರು ತಮ್ಮ ಸಂಗಡಿಗರೊಂದಿಗೆ ಹೊರಬಂದರು. ದೇವಿಯನ್ನು ಮುಂದಿಟ್ಟು ದೇವಿಯ ಅರ್ಚಕಿಗೆ ವಯೋಮಿತಿ ಹಾಕುವ ಪಂಥದಲ್ಲಿ ಅಧಿಕಾರ ಯಾರ ಕೈಯಲ್ಲಿದ್ದಿತೆಂದು ಬೇರೆ ಹೇಳಬೇಕಾದುದಿಲ್ಲ.

ಇದಕ್ಕೆ ಅಮೆರಿಕದಿಂದ ಬಂದ ಉತ್ತರ ತೀಕ್ಷ್ಣವಾಗಿದ್ದಿತು. ಹಂಗೇರಿಯಿಂದ ವಲಸೆ ಬಂದು ತಮ್ಮ ಹುಟ್ಟೂರಿನ ಹೆಸರನ್ನೇ ಉಪನಾಮವಾಗಿಸಿಕೊಂಡ ಜುಜಾನ ಬುಡಾಪೆಸ್ಟ್ 1971ರಲ್ಲಿ ಲಾಸ್ ಏಂಜಲೀಸಿನಲ್ಲಿ ಕೇವಲ ಸ್ತ್ರೀಯರ ವೃತ್ತವನ್ನು ಕಟ್ಟಿದರು. ಅಲ್ಲಿ ದೇವನಿಗೂ ಸ್ಥಾನವಿಲ್ಲ, ಪುರುಷನಿಗೂ ಇಲ್ಲ. ಋತುಸ್ರಾವ, ಪ್ರಸವ, ಮುಪ್ಪು ಇವೇ ಅವರ ಪೂಜೆಯ ವಸ್ತು. 1977ರಲ್ಲಿ ನ್ಯೂಯಾರ್ಕಿನಲ್ಲಿ ಎಡ್ಮಂಡ್ ಬುಚಿನ್‌ಸ್ಕಿ ಎಂಬವರು ಸಲಿಂಗಾಸಕ್ತ ಪುರುಷರಿಗಾಗಿ 'ಮಿನೋವನ್ ಬ್ರದರ್‌ಹುಡ್' ಎಂಬ ಬೇರೆಯೇ ಸಂಪ್ರದಾಯವನ್ನು ಸ್ಥಾಪಿಸಿದರು. ಜೋಡಿಯ ಕಟ್ಟಳೆಯೊಳಗೆ ತಮಗೆ ಎಡೆಯಿಲ್ಲವೆಂದು ಕಂಡವರು ಹೀಗೆ ಒಬ್ಬೊಬ್ಬರಾಗಿ ಹೊರಗೆ ಮನೆ ಕಟ್ಟಿಕೊಂಡರು.

ಬುಡಾಪೆಸ್ಟರ ಪ್ರಭಾವಕ್ಕೆ ಒಳಗಾಗಿಯೂ ಪುರುಷರನ್ನು ಹೊರಗಿಡದೆ ಬರೆದುದು ಸ್ಟಾರ್‌ಹಾಕರ ವೈಶಿಷ್ಟ್ಯ. 1979ರ ಪಾಠದಲ್ಲಿ ಅವರು ಸೃಷ್ಟಿಯನ್ನೆಲ್ಲ ಸ್ತ್ರೀ, ಪುರುಷ ಎಂಬ ಎರಡು ಶಕ್ತಿಗಳ ಪರಸ್ಪರ ಸೆಳೆತವೆಂದು ವರ್ಣಿಸುತ್ತಾರೆ. ಗದ್ಯ ಸೊಗಸಾಗಿದೆ, ವಿಧಿಗಳ ವಿವರಣೆ ಗ್ರಂಥವನ್ನು ಕೈಯಲ್ಲಿ ಹಿಡಿದು ಆಚರಿಸುವಷ್ಟು ಸ್ಪಷ್ಟವಾಗಿದೆ. ಹತ್ತು ವರ್ಷಗಳ ಅನಂತರ, 1989ರ ಆವೃತ್ತಿಯಲ್ಲಿ, ಅದೇ ಲೇಖಕಿ ಈ ದ್ವಂದ್ವವನ್ನು ತಾವು ಇನ್ನು ಬಳಸುವುದಿಲ್ಲವೆಂದು ಹೇಳಿಬಿಡುತ್ತಾರೆ. ಗಂಡುಹೆಣ್ಣಿನ ಆಕರ್ಷಣೆಯನ್ನೇ ವಿಶ್ವದ ಅಚ್ಚೆಂದು ಭಾವಿಸಿದರೆ ಉಳಿದ ಬಗೆಯ ಒಲವುಗಳೆಲ್ಲ ದಾರಿತಪ್ಪಿದವುಗಳೆಂದಾಗುತ್ತದೆ ಎಂಬುದು ಅವರು ಕೊಡುವ ಕಾರಣ. 1999ರ ಆವೃತ್ತಿ ಇನ್ನೊಂದು ಸುತ್ತಿನ ಟಿಪ್ಪಣಿಗಳನ್ನು ಸೇರಿಸುತ್ತದೆ. ಆದರೆ ಮೂಲಪಾಠವನ್ನು ಅವರು ಅಳಿಸಿಲ್ಲ. ಹಳೆಯ ಮಾತು ಹಾಗೆಯೇ ಇದೆ. ಅದನ್ನು ಅಲ್ಲಗಳೆಯುವ ಮಾತು ಗ್ರಂಥದ ಕೊನೆಯಲ್ಲಿದೆ.

ಪಾಠಶೋಧನೆಯಲ್ಲಿ ಆಸಕ್ತಿಯುಳ್ಳವರು ಈ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಗಾರ್ಡ್ನರ್ ಹೊಸದನ್ನು ಹಳೆಯದೆಂದರು. ಸ್ಟಾರ್‌ಹಾಕ್ ಹಳೆಯದನ್ನು ಹಳೆಯದೆಂದು ತೋರಿಸಿ ಹೊಸದನ್ನು ಪಕ್ಕದಲ್ಲಿಟ್ಟರು. ಹಾಗಿದ್ದರೂ ಇದರಲ್ಲೊಂದು ದೊಡ್ಡ ಕೊರತೆ ಉಳಿಯುತ್ತದೆ. ಈ ಗ್ರಂಥ ಕೇವಲ ಓದುವ ಗ್ರಂಥವಲ್ಲ, ಆಚರಣೆಯ ಕೈಪಿಡಿ. ರಾತ್ರಿ ವೃತ್ತ ಕಟ್ಟಿ ದೀಪ ಹಚ್ಚಿ ಕುಳಿತವರು ಆವಾಹನೆಯ ಪುಟವನ್ನು ತೆರೆಯುತ್ತಾರೆಯೇ ಹೊರತು ಕೊನೆಯ ಟಿಪ್ಪಣಿಯನ್ನಲ್ಲ. ವಿಚಾರ ತಿದ್ದಿಕೊಂಡಿತು, ವಿಧಿ ಹಾಗೆಯೇ ನಿಂತಿತು.

ಈ ಅಂತರದ ಬೆಲೆಯನ್ನು ತೆತ್ತವರು ಯಾರೆಂಬುದು 2011ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದ 'ಪ್ಯಾಂಥಿಯಾಕಾನ್' ಸಮ್ಮೇಳನದಲ್ಲಿ ಕಂಡಿತು. ಸ್ತ್ರೀಯರಿಗಾಗಿ ಏರ್ಪಟ್ಟ ಒಂದು ಪೂಜೆಗೆ ಬಂದ, ಹುಟ್ಟಿನಲ್ಲಿ ಗಂಡೆಂದು ಎಣಿಸಲ್ಪಟ್ಟು ಸ್ತ್ರೀಯರಾಗಿ ಬಾಳುತ್ತಿದ್ದವರನ್ನು ಬಾಗಿಲಲ್ಲಿಯೇ ತಡೆಯಲಾಯಿತು. ಮರುವರ್ಷ ಬುಡಾಪೆಸ್ಟರ ಪೂಜೆ ಹುಟ್ಟಿನಿಂದ ಸ್ತ್ರೀಯರಾದವರಿಗೆ ಮಾತ್ರವೆಂದು ಮೊದಲೇ ಪ್ರಕಟವಾಯಿತು. ಅದರ ಹೊರಗೆ ಅನೇಕರು ಮೌನವಾಗಿ ಕುಳಿತು ಪ್ರತಿಭಟಿಸಿದರು.

ಬುಡಾಪೆಸ್ಟರ ಪಕ್ಷದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪುರುಷರಿಂದ ನೊಂದು ಬಂದ ಹೆಂಗಸರಿಗೆ ತಮ್ಮ ದೇಹದ ಅನುಭವವನ್ನು ನಾಚಿಕೆಯಿಲ್ಲದೆ ಆಡಿಕೊಳ್ಳುವ ತಾವು ಬೇಕಿದ್ದಿತು; ಅದನ್ನು ಅವರಿಗೆ ಮೊದಲು ಕೊಟ್ಟವರಲ್ಲಿ ಆಕೆ ಒಬ್ಬರು. ತಮ್ಮ ಮನೆಯ ವೃತ್ತಕ್ಕೆ ಯಾರನ್ನು ಕರೆಯಬೇಕೆಂಬುದು ಕರೆಯುವವರ ಇಷ್ಟ. ಆದರೆ ಸಾರ್ವಜನಿಕ ಸಮ್ಮೇಳನದಲ್ಲಿ ಬಾಗಿಲಿಗೆ ಬಂದವರ ಹುಟ್ಟನ್ನು ವಿಚಾರಿಸುವುದು ಬೇರೆ ಮಾತು. ಅಲ್ಲದೆ ವಾದದ ಒಳಗೇ ಒಂದು ಬಿರುಕಿದೆ. ಈ ಪಂಥಗಳಲ್ಲಿ ದೀಕ್ಷೆ ಪಡೆದವರು ಹೊಸ ಹೆಸರನ್ನು ಪಡೆಯುವುದು ವಾಡಿಕೆ. ಸ್ಟಾರ್‌ಹಾಕರೂ ಬುಡಾಪೆಸ್ಟರೂ ತಾವೇ ಆರಿಸಿಕೊಂಡ ಹೆಸರುಗಳಿಂದಲೇ ಲೋಕಕ್ಕೆ ಪರಿಚಿತರು. ತನ್ನನ್ನು ತಾನು ಹೆಸರಿಸಿಕೊಳ್ಳುವ ಅಧಿಕಾರ ಒಬ್ಬಳಿಗೆ ಉಂಟು, ಇನ್ನೊಬ್ಬಳಿಗೆ ಇಲ್ಲವೆಂಬುದಕ್ಕೆ ಈ ಪಂಥದ ತತ್ತ್ವದಲ್ಲಿ ಆಧಾರವೆಲ್ಲಿದೆ?

ಚರಿತ್ರೆಯ ಆಧಾರವೂ ದುರ್ಬಲವೇ. ಯೂರೋಪಿನಲ್ಲಿ ತೊಂಬತ್ತು ಲಕ್ಷ ಸ್ತ್ರೀಯರನ್ನು ಮಾಟದ ಆರೋಪದಿಂದ ಕೊಂದರೆಂಬ ಮಾತು ಈ ಚಳವಳಿಯ ಬರಹಗಳಲ್ಲಿ ಬಹುಕಾಲ ಓಡಾಡಿತು. ಇಂದಿನ ಇತಿಹಾಸಕಾರರ ಎಣಿಕೆ ಸುಮಾರು 40,000ದಿಂದ 60,000. ಅವರಲ್ಲಿ ಸುಮಾರು ಐದರಲ್ಲೊಂದು ಪಾಲು ಪುರುಷರು. ಐಸ್‌ಲೆಂಡಿನಲ್ಲಂತೂ ಸತ್ತವರೆಲ್ಲ ಹೆಚ್ಚುಕಡಿಮೆ ಪುರುಷರೇ. ಆ ಕ್ರೌರ್ಯ ಇದರಿಂದ ಕಿರಿದಾಗುವುದಿಲ್ಲ, ಬಹುಪಾಲು ನೋವು ಹೆಣ್ಣಿನದೆಂಬುದೂ ಸುಳ್ಳಾಗುವುದಿಲ್ಲ. ಆದರೆ ಆ ಹೆಸರನ್ನು ಒಂದೇ ಬಗೆಯ ದೇಹದ ಪಿತ್ರಾರ್ಜಿತ ಆಸ್ತಿಯೆನ್ನಲು ಆಗದು.

ಸ್ಟಾರ್‌ಹಾಕ್ ಮುಂತಾದವರ ಸುತ್ತ ಬೆಳೆದ 'ರಿಕ್ಲೇಮಿಂಗ್' ಸಂಪ್ರದಾಯ 1997ರಲ್ಲಿ ಬರೆದುಕೊಂಡ ತನ್ನ ಐಕ್ಯಸೂತ್ರಗಳನ್ನು 2012ರಲ್ಲಿ ತಿದ್ದಿತು. ದೇವಿ, ದೇವ ಎಂಬ ಜೋಡಿಯ ಮಾತನ್ನು ತೆಗೆದು, ನಾನಾ ಲಿಂಗಭಾವಗಳ ದೈವಗಳನ್ನು ಒಪ್ಪುವ ಮಾತನ್ನು ಸೇರಿಸಿತು. ಎಲ್ಲರೂ ಇದಕ್ಕೆ ಮನಃಪೂರ್ವಕ ಒಪ್ಪಲಿಲ್ಲ. ದೇವಿಯೇ ಮರೆಯಾದಳೆಂದು ನೊಂದವರೂ ಇದ್ದರು. 'ಸ್ಪೈರಲ್ ಡಾನ್ಸ್' ಹಿನ್ನುಡಿಯಲ್ಲಿ ಮಾಡಿದ ತಿದ್ದುಪಡಿಯನ್ನು ಈ ಸೂತ್ರಗಳು ಮೂಲಪಾಠದಲ್ಲಿಯೇ ಮಾಡಿವೆ. ಹಳೆಯ ವಾಕ್ಯವನ್ನು ಹುಡುಕುವವರು ಇನ್ನು ಹಳೆಯ ಪ್ರತಿಗಳನ್ನೇ ತೆರೆದು ನೋಡಬೇಕು.